ಗ್ರಹೀಯ ನೀಹಾರಿಕೆಯ ನಡುವಿನ ನಕ್ಷತ್ರವನ್ನು ಕಾಣುವುದು ಹೇಗೆ?

ಸಣ್ಣ ದೂರದರ್ಶಕ ಕೊಂಡವರು ಚಂದ್ರ, ಗುರು, ಶನಿಗಳನ್ನು ನೋಡಿ ಮುಗಿಸಿದ ಮೇಲೆ ನೀಹಾರಿಕೆಗಳತ್ತ ಹೊರಳುತ್ತಾರೆ. ಆಗ ಬಹುತೇಕ ಎಲ್ಲ ಪಟ್ಟಿಗಳಲ್ಲೂ ಮೊದಲು ಸಿಗುವ ಹೆಸರು ವೀಣಾ ಪುಂಜದ ಉಂಗುರ ನೀಹಾರಿಕೆ, ಅಂದರೆ ಎಂ 57. ಅದೊಂದು ಗ್ರಹೀಯ ನೀಹಾರಿಕೆ: ಬಾಳಿನ ಕೊನೆಗೆ ಬಂದ ನಕ್ಷತ್ರ ಹೊರಚೆಲ್ಲಿದ, ಹೊಳೆಯುವ ಅನಿಲದ ಚಿಪ್ಪು. ನೀಹಾರಿಕೆಯನ್ನಷ್ಟೇ ನೋಡುವುದಾದರೆ ಆ ಆಯ್ಕೆ ಸರಿಯೇ. ಆದರೆ ಉಂಗುರದ ನಡುವೆ ಇದ್ದು ಅದನ್ನು ಬೆಳಗಿಸುತ್ತಿರುವ ನಕ್ಷತ್ರವನ್ನೂ ಕಾಣಬೇಕೆಂಬ ಆಸೆಯಿದ್ದರೆ ಎಂ 57ರಿಂದ ಆರಂಭಿಸುವುದು ನಿರಾಶೆಯನ್ನು ಕೈಯಾರೆ ತಂದುಕೊಂಡಂತೆ. ಆ ನಕ್ಷತ್ರ ದೊಡ್ಡ ದೂರದರ್ಶಕಗಳಿಗೂ ಸುಲಭವಾಗಿ ದಕ್ಕುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಕ್ರಮವನ್ನು ಬದಲಿಸಿ, ಮಿಥುನ ರಾಶಿಯ ಎನ್‌ಜಿಸಿ 2392ರಿಂದ ಹೊರಟು, ಎಂ 57ನ್ನು ಬಹಳ ಹಿಂದಕ್ಕೆ ಇಟ್ಟಿದ್ದೇನೆ (ಎಂ, ಎನ್‌ಜಿಸಿ ಎಂಬುವು ಆಕಾಶಕಾಯಗಳ ಪಟ್ಟಿಗಳ ಹೆಸರು, ಅಂಕಿ ಆ ಪಟ್ಟಿಯಲ್ಲಿನ ಕ್ರಮಸಂಖ್ಯೆ). ನೀಹಾರಿಕೆಗೆ ಬೇಕಾದ ಸಿದ್ಧತೆ ಒಂದು, ಅದರ ನಕ್ಷತ್ರಕ್ಕೆ ಬೇಕಾದ ಸಿದ್ಧತೆ ಅದಕ್ಕೆ ತೀರಾ ವಿರುದ್ಧವಾದದ್ದು ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಬೆಳಕು ಎಲ್ಲಿಂದ ಬರುತ್ತದೆ

ಸೂರ್ಯನಷ್ಟರಿಂದ ಹಿಡಿದು ಸುಮಾರು ಎಂಟು ಸೂರ್ಯರಷ್ಟು ದ್ರವ್ಯರಾಶಿಯಿರುವ ನಕ್ಷತ್ರಗಳು ಬಾಳಿನ ಕೊನೆಯ ಘಟ್ಟದಲ್ಲಿ ಕೆಂಪು ದೈತ್ಯಗಳಾಗಿ ಉಬ್ಬಿ, ತಮ್ಮ ಹೊರಪದರಗಳನ್ನು ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದ ನಿಧಾನ ಗಾಳಿಯಾಗಿ ಕಳೆದುಕೊಳ್ಳುತ್ತವೆ. ಹೊದಿಕೆ ಕಳಚಿದ ಮೇಲೆ ಉಳಿಯುವ ತಿರುಳು ಕುಗ್ಗುತ್ತ ಬಿಸಿಯೇರುತ್ತದೆ. ಅದರ ಮೇಲ್ಮೈ ಉಷ್ಣತೆ ಸುಮಾರು 30,000 ಕೆಲ್ವಿನ್ ದಾಟಿದಾಗ ಹೊಮ್ಮುವ ನೇರಳಾತೀತ ಬೆಳಕು, ಹಿಂದೆ ಚೆಲ್ಲಿದ್ದ ಅನಿಲದ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತು ಅದನ್ನು ಹೊಳೆಯುವಂತೆ ಮಾಡುತ್ತದೆ. ಅಷ್ಟೇ ಅಲ್ಲ, ಬತ್ತಲಾದ ತಿರುಳಿನಿಂದ ಈಗ ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮೀರಿದ ವೇಗದ ತೆಳು ಗಾಳಿಯೂ ಬೀಸುತ್ತಿರುತ್ತದೆ. ಅದು ಹಳೆಯ ನಿಧಾನ ಗಾಳಿಯನ್ನು ಹಿಂದಿನಿಂದ ತಳ್ಳಿ ದಟ್ಟವಾದ ಚಿಪ್ಪಾಗಿ ಒತ್ತುತ್ತದೆಂದು ಸನ್ ಕ್ವಾಕ್ ಮತ್ತು ಸಂಗಡಿಗರು 1978ರಲ್ಲಿ ತೋರಿಸಿದರು. ನಾವು ಉಂಗುರವೆಂದು ನೋಡುವುದು ಆ ಚಿಪ್ಪನ್ನು. ಈ ಆಟವೆಲ್ಲ ಹತ್ತಿಪ್ಪತ್ತು ಸಾವಿರ ವರ್ಷಗಳಲ್ಲಿ ಮುಗಿದು, ಅನಿಲ ಚದುರಿ, ತಿರುಳು ಭೂಮಿಯ ಗಾತ್ರದ ಶ್ವೇತ ಕುಬ್ಜವಾಗಿ ಉಳಿಯುತ್ತದೆ.

ಮನೆಯ ಟ್ಯೂಬ್‌ಲೈಟಿನಲ್ಲಿಯೂ ನಡೆಯುವುದು ಹೆಚ್ಚುಕಡಿಮೆ ಇಂಥದೇ ಕೆಲಸ: ಒಳಗೆ ಹುಟ್ಟುವ ನೇರಳಾತೀತ ಬೆಳಕು ಕಣ್ಣಿಗೆ ಬೀಳುವುದಿಲ್ಲ, ಕೊಳವೆಗೆ ಬಳಿದ ಲೇಪ ಅದನ್ನು ಹೀರಿ ನಮಗೆ ಕಾಣುವ ಬೆಳಕನ್ನು ಕೊಡುತ್ತದೆ. ಹೀಗಾಗಿ ನಕ್ಷತ್ರ ಹೆಚ್ಚು ಬಿಸಿಯಾದಷ್ಟೂ ಅದರ ಬೆಳಕಿನ ಬಹುಪಾಲು ನೇರಳಾತೀತಕ್ಕೆ ಸರಿದು, ನೀಹಾರಿಕೆಯ ಎದುರು ನಕ್ಷತ್ರವೇ ಮಂಕಾಗಿ ಕಾಣುತ್ತದೆ. ಎಂ 57ರಲ್ಲಿ ನೀಹಾರಿಕೆಯ ಒಟ್ಟು ಕಾಂತಿಮಾನ 8.8 ಇದ್ದರೆ ನಕ್ಷತ್ರದ್ದು 15.7ರ ಆಸುಪಾಸು. ಕಾಂತಿಮಾನದ ಅಂಕಿ ದೊಡ್ಡದಾದಷ್ಟೂ ಹೊಳಪು ಕಡಿಮೆ. ಏಳು ಅಂಕಗಳ ಈ ಅಂತರವೆಂದರೆ ನೀಹಾರಿಕೆ ತನ್ನ ನಕ್ಷತ್ರಕ್ಕಿಂತ ಸುಮಾರು 600 ಪಟ್ಟು ಹೆಚ್ಚು ಬೆಳಕು ಕೊಡುತ್ತಿದೆ ಎಂದು ಅರ್ಥ. ಆ ನಕ್ಷತ್ರದ ಉಷ್ಣತೆ 1,20,000 ಕೆಲ್ವಿನ್ ಆಜುಬಾಜಿನಲ್ಲಿದೆ. ರಾಜಹಂಸ ಪುಂಜದ ಎನ್‌ಜಿಸಿ 6826ರಲ್ಲಿ ನಕ್ಷತ್ರ ಅದರ ಅರ್ಧಕ್ಕಿಂತಲೂ ಕಡಿಮೆ ಬಿಸಿಯಾಗಿದ್ದು, 10.4 ಕಾಂತಿಮಾನದೊಂದಿಗೆ ಎದ್ದು ಕಾಣುತ್ತದೆ. ನೀಹಾರಿಕೆಯ ಬೆಳಕನ್ನೂ ನಕ್ಷತ್ರದ ಬೆಳಕನ್ನೂ ಹೋಲಿಸಿ ನಕ್ಷತ್ರದ ಉಷ್ಣತೆಯನ್ನು ಲೆಕ್ಕಹಾಕುವ ವಿಧಾನವನ್ನು ಹರ್ಮನ್ ಜಾನ್‌ಸ್ಟ್ರಾ 1920ರ ದಶಕದಲ್ಲೇ ರೂಪಿಸಿದರು. ಐಪೀಸಿನಲ್ಲಿ ನಾವು ಕಣ್ಣಂದಾಜಿನಲ್ಲಿ ಮಾಡುವುದೂ ಅದನ್ನೇ.

ಎರಡು ಬೆಳಕುಗಳ ಸ್ವಭಾವವೂ ಬೇರೆ. ನಕ್ಷತ್ರದ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ. ಅನಿಲದ ಬೆಳಕು ಕೆಲವೇ ನಿರ್ದಿಷ್ಟ ಬಣ್ಣಗಳ ರೇಖೆಗಳಲ್ಲಿ ಒಟ್ಟಾಗಿರುತ್ತದೆ. 1864ರ ಆಗಸ್ಟ್ 29ರ ರಾತ್ರಿ ಲಂಡನ್ನಿನ ವಿಲಿಯಂ ಹಗಿನ್ಸ್ ಎನ್‌ಜಿಸಿ 6543 ಎಂಬ ಗ್ರಹೀಯ ನೀಹಾರಿಕೆಯ ರೋಹಿತವನ್ನು, ಅಂದರೆ ಬಣ್ಣಗಳಾಗಿ ಬಿಡಿಸಿದ ಅದರ ಬೆಳಕನ್ನು ನೋಡಿದಾಗ ಬಣ್ಣದ ಪಟ್ಟಿಯ ಬದಲು ಹೊಳೆಯುವ ಗೆರೆ ಕಂಡಿತು, ಅಲ್ಲಿಗೆ ಅದು ಅನಿಲವೆಂಬುದು ಖಚಿತವಾಯಿತು. ಅದರ ಮುಖ್ಯ ಹಸಿರು ರೇಖೆಗಳು 495.9 ಮತ್ತು 500.7 ನ್ಯಾನೋಮೀಟರಿನವು. ದಶಕಗಳ ಕಾಲ ಯಾವುದೋ ಗೊತ್ತಿಲ್ಲದ ಧಾತುವಿನವೆಂದು ನಂಬಲಾಗಿದ್ದ ಇವು ಎರಡು ಇಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕದವೆಂದು 1927ರಲ್ಲಿ ಐರಾ ಬೋವೆನ್ ಕಂಡುಕೊಂಡರು. ಕತ್ತಲಿಗೆ ಹೊಂದಿಕೊಂಡ ಮನುಷ್ಯನ ಕಣ್ಣು ಅತಿ ಚುರುಕಾಗಿರುವುದೂ ಸುಮಾರು 507 ನ್ಯಾನೋಮೀಟರಿನಲ್ಲಿಯೇ ಎಂಬುದು ನಮ್ಮ ಅದೃಷ್ಟ. ಛಾಯಾಚಿತ್ರಗಳಲ್ಲಿ ಮೆರೆಯುವ ಕೆಂಪು, ಹೈಡ್ರೋಜನ್ ಮತ್ತು ನೈಟ್ರೋಜನ್ನಿನದು. ಅದಕ್ಕೆ ರಾತ್ರಿಯ ಕಣ್ಣು ಬಹುತೇಕ ಕುರುಡು.

ಹೊರಡುವ ಮೊದಲು

ಎಂಟು ಇಂಚಿನ, 1200 ಮಿ.ಮೀ. ನಾಭಿದೂರದ ಡಾಬ್ಸೋನಿಯನ್ ಬಗೆಯ ಕನ್ನಡಿ ದೂರದರ್ಶಕ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. 30 ಮಿ.ಮೀ. ಐಪೀಸ್ ಹಾಕಿದರೆ 40 ಪಟ್ಟು, 10 ಮಿ.ಮೀ.ಗೆ 120 ಪಟ್ಟು, 6 ಮಿ.ಮೀ.ಗೆ 200 ಪಟ್ಟು ವರ್ಧನೆ ಸಿಗುತ್ತದೆ. ಈ ಮೂರು ಸಾಕು. ಕತ್ತಲೆಯ ಊರಿನಲ್ಲಿ ಇಂಥ ದೂರದರ್ಶಕ 13.5 ಕಾಂತಿಮಾನದ ಆಸುಪಾಸಿನ ನಕ್ಷತ್ರಗಳನ್ನು ತೋರಿಸಬಲ್ಲದು. ಆರು ಇಂಚಿನದಿದ್ದರೂ ಕೆಳಗೆ ಹೇಳಿರುವ ಮೊದಲ ನಾಲ್ಕು ಗುರಿಗಳನ್ನು ಬಿಡಬೇಕಾಗಿಲ್ಲ. ಕನ್ನಡಿಗಳ ಜೋಡಣೆಯನ್ನು ಸರಿಪಡಿಸಿಕೊಳ್ಳಿ, ದೂರದರ್ಶಕವನ್ನು ಅರ್ಧ ಗಂಟೆಯಾದರೂ ಹೊರಗಿಟ್ಟು ತಣಿಯಲು ಬಿಡಿ. ಇವೆರಡನ್ನು ಮಾಡದೆ ನೀಹಾರಿಕೆಯನ್ನು ಹೇಗೋ ನೋಡಬಹುದು, ನಡುವಿನ ಚುಕ್ಕಿಯನ್ನು ನೋಡಲಾಗದು.

ಕೊಳ್ಳಬೇಕಾದ ಒಂದೇ ಹೆಚ್ಚುವರಿ ವಸ್ತು ಓ-ತ್ರೀ ಫಿಲ್ಟರ್. ಮೇಲೆ ಹೇಳಿದ ಎರಡು ಹಸಿರು ರೇಖೆಗಳನ್ನು ಮಾತ್ರ ಬಿಟ್ಟು ಉಳಿದುದನ್ನು ಅದು ತಡೆಯುತ್ತದೆ. ಬೀದಿದೀಪದ ಬೆಳಕು ತುಂಬಿದ ಆಕಾಶ ಕಪ್ಪಾಗುತ್ತದೆ, ನೀಹಾರಿಕೆ ಹಾಗೇ ಉಳಿಯುತ್ತದೆ, ನಕ್ಷತ್ರಗಳು ಎರಡು ಅಂಕಕ್ಕೂ ಹೆಚ್ಚು ಮಂಕಾಗುತ್ತವೆ. ಅಂದರೆ ನೀಹಾರಿಕೆಯನ್ನು ಹುಡುಕಲು ಕೊಂಡ ಫಿಲ್ಟರ್ ನಕ್ಷತ್ರವನ್ನು ಮರೆಮಾಡುವ ಸಾಧನವೂ ಹೌದು. ಫಿಲ್ಟರ್ ಹಾಕಿಕೊಂಡೇ ನಡುವಿನ ನಕ್ಷತ್ರಕ್ಕಾಗಿ ತಡಕಾಡುವವರನ್ನು ನೋಡಿದರೆ ಪಾಪ ಎನಿಸುತ್ತದೆ.

ಕಾಲದ ವಿಷಯದಲ್ಲಿ ಕರ್ನಾಟಕದ ವೀಕ್ಷಕರಿಗೆ ಒಂದು ತೊಡಕಿದೆ. ವೀಣಾ, ರಾಜಹಂಸ ಪುಂಜಗಳ ಪ್ರಸಿದ್ಧ ನೀಹಾರಿಕೆಗಳು ಸಂಜೆಯ ಆಕಾಶದಲ್ಲಿ ನೆತ್ತಿಗೆ ಬರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ, ಮಳೆಗಾಲದ ನಡುವೆ. ಎರಡು ಪರಿಹಾರಗಳಿವೆ: ಅಕ್ಟೋಬರ್ ಕೊನೆಯಲ್ಲಿ ಸಂಜೆ ಏಳಕ್ಕೇ ಪಶ್ಚಿಮಕ್ಕೆ ತಿರುಗಿದರೆ ಎಂ 57 ಇನ್ನೂ 50 ಡಿಗ್ರಿಗೂ ಮೇಲಿರುತ್ತದೆ; ಇಲ್ಲವೇ ಏಪ್ರಿಲ್‌ನಲ್ಲಿ ನಸುಕಿನ ನಾಲ್ಕೂವರೆಗೆ ಎದ್ದರೆ ಅದೇ ಪುಂಜಗಳು ಎತ್ತರದಲ್ಲಿ ಸಿಗುತ್ತವೆ. ಇತ್ತ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ರಾತ್ರಿಗಳಿಗೆ ಎನ್‌ಜಿಸಿ 1514, 2392, 3242ರಂಥ ಗುರಿಗಳು ಸಾಲಾಗಿ ಒದಗುತ್ತವೆ. ಉತ್ತರದ ದೇಶಗಳವರಿಗೆ ದಿಗಂತದ ಮಂಜಿನಲ್ಲಿ ಮುಳುಗುವ ದಕ್ಷಿಣದ ನೀಹಾರಿಕೆಗಳು ನಮಗೆ ಎತ್ತರದಲ್ಲಿ ಸಿಗುವುದೂ ಒಂದು ಲಾಭ.

ಮೊದಲ ಗುರಿ: ಎನ್‌ಜಿಸಿ 2392

ಫೆಬ್ರವರಿಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಮಿಥುನ ರಾಶಿ ನೆತ್ತಿಯ ಮೇಲಿರುತ್ತದೆ. ಪುನರ್ವಸುವಿನ ಜೋಡಿ ನಕ್ಷತ್ರಗಳನ್ನು ಗುರುತಿಸಿ, ಅಲ್ಲಿಂದ ಡೆಲ್ಟಾ ಜೆಮಿನೋರಮ್‌ಗೆ, ಅಂದರೆ ವಾಸತ್ ಎಂಬ 3.5 ಕಾಂತಿಮಾನದ ನಕ್ಷತ್ರಕ್ಕೆ ಇಳಿಯಿರಿ. ಅದರಿಂದ ಪೂರ್ವ-ಆಗ್ನೇಯಕ್ಕೆ ಸುಮಾರು 2.4 ಡಿಗ್ರಿ ದೂರದಲ್ಲಿ ನೀಹಾರಿಕೆ ಇದೆ. 40 ಪಟ್ಟು ವರ್ಧನೆಯಲ್ಲಿ ಉತ್ತರ-ದಕ್ಷಿಣವಾಗಿ ಜೋಡಿಸಿದ ಜೋಡಿ ನಕ್ಷತ್ರವೊಂದು ಕಂಡಂತಾಗುತ್ತದೆ. ಅದರಲ್ಲಿ ಒಂದು ಚೂಪಾಗಿಯೂ ಇನ್ನೊಂದು ಎಷ್ಟು ಫೋಕಸ್ ಮಾಡಿದರೂ ಮೆತ್ತಗೆ ಹರಡಿದಂತೆಯೂ ಇರುತ್ತದೆ. ಉತ್ತರದಲ್ಲಿರುವ ಚೂಪಾದದ್ದು ಎಂಟನೇ ಕಾಂತಿಮಾನದ ಸಾಮಾನ್ಯ ನಕ್ಷತ್ರ, ಮೆತ್ತಗಿನದೇ ನೀಹಾರಿಕೆ.

ಅನುಮಾನವಿದ್ದರೆ ಫಿಲ್ಟರನ್ನು ಐಪೀಸಿಗೆ ತಿರುಗಿಸಿ ಕೂರಿಸುವ ಬದಲು ಬೆರಳಿನಲ್ಲಿ ಹಿಡಿದು ಕಣ್ಣಿಗೂ ಐಪೀಸಿಗೂ ನಡುವೆ ಒಳಗೆ ಹೊರಗೆ ಆಡಿಸಿ. ಪಕ್ಕದ ನಕ್ಷತ್ರ ಪ್ರತಿ ಸಲವೂ ಕುಗ್ಗುತ್ತದೆ, ನೀಹಾರಿಕೆ ಕುಗ್ಗುವುದಿಲ್ಲ. ಚುಕ್ಕಿಯಂತೆಯೇ ಕಾಣುವ ಅತಿ ಸಣ್ಣ ಗ್ರಹೀಯ ನೀಹಾರಿಕೆಗಳನ್ನು ನಕ್ಷತ್ರಗಳ ಗುಂಪಿನಿಂದ ಹೆಕ್ಕಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಹಾರ್ವರ್ಡ್‌ನ ಎಡ್ವರ್ಡ್ ಪಿಕರಿಂಗ್ 1880ರಲ್ಲಿ ಫಿಲ್ಟರಿನ ಬದಲು ಪಟ್ಟಕವನ್ನು ಬಳಸಿ ಇದೇ ತತ್ವದ ಮೇಲೆ ಹೊಸ ನೀಹಾರಿಕೆಗಳನ್ನು ಹಿಡಿದರು: ನಕ್ಷತ್ರಗಳು ಬಣ್ಣದ ಗೆರೆಯಾಗಿ ಹರಡಿದವು, ನೀಹಾರಿಕೆ ಚುಕ್ಕಿಯಾಗಿಯೇ ಉಳಿಯಿತು.

ಗುರುತು ಹತ್ತಿದ ಮೇಲೆ ಫಿಲ್ಟರನ್ನು ಬದಿಗಿಟ್ಟು 120ಕ್ಕೆ, ಆಮೇಲೆ 200ಕ್ಕೆ ಏರಿಸಿ. ಹರಡಿದ ಅನಿಲದ ಬೆಳಕು ವರ್ಧನೆ ಹೆಚ್ಚಿದಷ್ಟೂ ಹೆಚ್ಚು ಜಾಗಕ್ಕೆ ಹಂಚಿಹೋಗಿ ತೆಳುವಾಗುತ್ತದೆ. ನಕ್ಷತ್ರ ಚುಕ್ಕಿಯಾದ್ದರಿಂದ ಅದರ ಹೊಳಪು ಹಾಗೆ ಇಳಿಯುವುದಿಲ್ಲ. 10.5 ಕಾಂತಿಮಾನದ ಆ ನಕ್ಷತ್ರ ಈಗ ನೇರನೋಟಕ್ಕೇ ಸಿಗಬೇಕು. ಸುತ್ತ ಒಳಗಿನ ಹೊಳಪಿನ ಚಿಪ್ಪು, ಅದರಾಚೆ ಮಂಕಾದ ಹೊರಚಿಪ್ಪು, ಎರಡೂ ಸೇರಿ ಗುರು ಗ್ರಹದ ಬಿಂಬಕ್ಕಿಂತ ದೊಡ್ಡದಲ್ಲ. ಗಾಳಿ ಕಲಕಿದ್ದರೆ ಒಂದೆರಡು ನಿಮಿಷ ಕಣ್ಣು ತೆಗೆಯದೆ ಕಾಯಿರಿ. ಬಿಂಬ ಒಂದು ಕ್ಷಣ ನಿಶ್ಚಲವಾದಾಗ ಚುಕ್ಕಿ ಚುರುಕಾಗುತ್ತದೆ.

1787ರ ಜನವರಿಯಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಈ ನೀಹಾರಿಕೆಯ ನಕ್ಷತ್ರದ ಬಗ್ಗೆ ಒಂದು ಒಗಟು ಬಹುಕಾಲ ಉಳಿದಿತ್ತು. ಅನಿಲದಲ್ಲಿ ಕಂಡ ತೀವ್ರ ಅಯಾನೀಕರಣಕ್ಕೆ, ಅಂದರೆ ಪರಮಾಣುಗಳಿಂದ ಅಷ್ಟೊಂದು ಇಲೆಕ್ಟ್ರಾನುಗಳನ್ನು ಕೀಳುವುದಕ್ಕೆ ಬೇಕಾದಷ್ಟು ಬಿಸಿ ಆ ನಕ್ಷತ್ರಕ್ಕೆ ಇರಲಿಲ್ಲ. ಅದು ಸುಮಾರು 1.9 ದಿನಕ್ಕೊಮ್ಮೆ ಇನ್ನೊಂದು ತಾರೆಯೊಂದಿಗೆ ಸುತ್ತುತ್ತಿರುವ ಜೋಡಿಯೆಂದು 2019ರಲ್ಲಿ ಪ್ರಕಟವಾಯಿತು. ಕಣ್ಣಿಗೆ ಬೀಳದ ಆ ಸಂಗಾತಿ ಇನ್ನೂ ಬಿಸಿಯಾದ ಶ್ವೇತ ಕುಬ್ಜವಿರಬೇಕು ಎಂಬುದು ಸಂಶೋಧಕರ ಅಭಿಪ್ರಾಯ.

ಮುಂದಿನ ಗುರಿಗಳು

ಏಪ್ರಿಲ್ ಆರಂಭದ ರಾತ್ರಿಗಳಲ್ಲಿ ಹೈಡ್ರಾ ಪುಂಜದ ಮ್ಯೂ ನಕ್ಷತ್ರದಿಂದ ದಕ್ಷಿಣಕ್ಕೆ ಎರಡು ಡಿಗ್ರಿಗಿಂತ ತುಸು ಕಡಿಮೆ ಸರಿದರೆ ಎನ್‌ಜಿಸಿ 3242 ಸಿಗುತ್ತದೆ. ಬೆಂಗಳೂರಿನಿಂದ ಅದು 58 ಡಿಗ್ರಿ ಎತ್ತರಕ್ಕೆ ಏರುತ್ತದೆ. ಇದರ ಮೇಲ್ಮೈ ಹೊಳಪು ಬಹಳ ಹೆಚ್ಚಾದ್ದರಿಂದ ತಿಳಿ ಹಸಿರು-ನೀಲಿ ಬಣ್ಣ ಕಣ್ಣಿಗೇ ಕಾಣುತ್ತದೆ. ಆದರೆ ಅದೇ ಹೊಳಪು ಹನ್ನೆರಡನೇ ಕಾಂತಿಮಾನದ ನಡುತಾರೆಗೆ ಅಡ್ಡಿ. 200 ಪಟ್ಟಿಗಿಂತ ಕಡಿಮೆ ವರ್ಧನೆಯಲ್ಲಿ ಪ್ರಯತ್ನಿಸಿ ಪ್ರಯೋಜನವಿಲ್ಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಕುಂಭ ರಾಶಿಯ ನ್ಯೂ ನಕ್ಷತ್ರದ ಪಶ್ಚಿಮಕ್ಕೆ ಒಂದೂಕಾಲು ಡಿಗ್ರಿಯಲ್ಲಿ ಸಿಗುವ ಎನ್‌ಜಿಸಿ 7009 ಕೂಡ ಇದೇ ಜಾತಿಯದು, ಹರ್ಷೆಲ್ 1782ರಲ್ಲಿ ಕಂಡದ್ದು. ಒಳ್ಳೆಯ ರಾತ್ರಿಯಲ್ಲಿ ಅದರ ಎರಡು ಬದಿಗೆ ಚಾಚಿದ ಕಿವಿಗಳೂ ಕಾಣುತ್ತವೆ, ಅದಕ್ಕೆ ಶನಿ ನೀಹಾರಿಕೆ ಎಂಬ ಹೆಸರು ಬಂದದ್ದು ಹಾಗೆ.

ಎನ್‌ಜಿಸಿ 6826ಕ್ಕೆ ದಾರಿ ಬಲು ಸುಲಭ: ರಾಜಹಂಸದ 16 ಸಿಗ್ನಿ ಎಂಬ ಜೋಡಿಯನ್ನು ಕಡಿಮೆ ವರ್ಧನೆಯಲ್ಲಿ ಹಿಡಿದರೆ ಪೂರ್ವಕ್ಕೆ ಅರ್ಧ ಡಿಗ್ರಿಯಲ್ಲಿ ಅದೇ ನೋಟದೊಳಗೆ ಇರುತ್ತದೆ. (ಆ ಜೋಡಿಯಲ್ಲಿ ಒಂದು ನಕ್ಷತ್ರಕ್ಕೆ ಗ್ರಹವಿರುವುದು 1996ರಿಂದ ಗೊತ್ತಿದೆ, ನೋಡುವಾಗ ನೆನಪಿಗೆ ಬಂದರೆ ಚೆನ್ನ.) ನಡುತಾರೆಯನ್ನು ನೇರವಾಗಿ ದಿಟ್ಟಿಸಿ ನೋಡಿ, ನೀಹಾರಿಕೆ ಮಾಯವಾಗಿ ನಕ್ಷತ್ರವಷ್ಟೇ ಉಳಿಯುತ್ತದೆ. ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ನೀಹಾರಿಕೆ ಉಬ್ಬಿ ಬಂದು ನಕ್ಷತ್ರವನ್ನು ನುಂಗುತ್ತದೆ. ಕಣ್ಣಿನ ಅಕ್ಷಿಪಟದ ನಟ್ಟನಡುವೆ ಮಂದ ಬೆಳಕಿಗೆ ಸ್ಪಂದಿಸುವ ಕಂಬಿಕೋಶಗಳಿಲ್ಲದಿರುವುದೇ ಇದಕ್ಕೆ ಕಾರಣ. ಓರೆನೋಟವನ್ನು ಕಲಿಸಲು ಇದಕ್ಕಿಂತ ಉತ್ತಮವಾದ ಆಕಾಶಕಾಯ ನನಗೆ ತಿಳಿದಿಲ್ಲ. ಶಾಲಾ ಮಕ್ಕಳಿಗೆ ಆಕಾಶ ತೋರಿಸುವವರು ಉಂಗುರ ನೀಹಾರಿಕೆಯನ್ನು ಬಿಟ್ಟರೂ ಇದನ್ನು ಬಿಡಬಾರದು.

ಎಂ 57 ಹುಡುಕುವುದು ಕಷ್ಟವಲ್ಲ. ಅಭಿಜಿತ್ ನಕ್ಷತ್ರದ ಕೆಳಗಿನ ಬೀಟಾ, ಗಾಮಾಗಳ ನಡುವೆ, ಬೀಟಾಕ್ಕೆ ತುಸು ಹತ್ತಿರದಲ್ಲಿದೆ. ಉಂಗುರವನ್ನು ನೂರು ಪಟ್ಟು ವರ್ಧನೆಯಲ್ಲಿ ಸುಖವಾಗಿ ನೋಡಿ. ನಕ್ಷತ್ರದ ಮಾತಿಗೆ ಬಂದರೆ ಮೊದಲೊಂದು ಪರೀಕ್ಷೆ ಮಾಡಿಕೊಳ್ಳಿ: ಉಂಗುರದ ಹೊರಗೆ ಪೂರ್ವಕ್ಕೆ ಅಂಟಿಕೊಂಡಂತೆ ಹದಿಮೂರನೇ ಕಾಂತಿಮಾನದ ಒಂದು ನಕ್ಷತ್ರವಿದೆ. ಅದು ನೇರನೋಟಕ್ಕೆ ಸಲೀಸಾಗಿ ಕಾಣದಿದ್ದರೆ ನಡುತಾರೆಯ ಆಸೆಯನ್ನು ಆ ರಾತ್ರಿಯ ಮಟ್ಟಿಗೆ ಬಿಟ್ಟುಬಿಡಿ. ಕಂಡರೂ, ಉಂಗುರದ ಒಳಭಾಗ ಪೂರ್ತಿ ಕಪ್ಪಾಗಿಲ್ಲದೆ ತೆಳು ಮಂಜಿನಿಂದ ತುಂಬಿರುವುದರಿಂದ, ಹದಿನಾಲ್ಕು ಹದಿನಾರು ಇಂಚಿನ ದೂರದರ್ಶಕ, 300ಕ್ಕೂ ಮೀರಿದ ವರ್ಧನೆ, ಅಪರೂಪದ ನಿಶ್ಚಲ ಗಾಳಿ, ಮೂರೂ ಕೂಡಿಬರಬೇಕು. ಚುಕ್ಕಿ ಎಲ್ಲಿರಬೇಕೆಂದು ಮೊದಲೇ ಗೊತ್ತಿರುವುದರಿಂದ ಮನಸ್ಸು ಅಲ್ಲೊಂದು ಚುಕ್ಕಿಯನ್ನು ತಾನೇ ಇಟ್ಟುಬಿಡುವ ಅಪಾಯವೂ ಇದೆ. ಹಲವು ಸಲ ಒಂದೇ ಜಾಗದಲ್ಲಿ ಮಿನುಗಿದರೆ ಮಾತ್ರ ನಂಬಿ. ಕ್ಯಾಮೆರಾ ಇದ್ದವರಿಗೆ ಈ ಕಷ್ಟವಿಲ್ಲ: ಕಿರು ಅವಧಿಯ ಹಲವು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿದರೆ ಆರು ಇಂಚಿನ ದೂರದರ್ಶಕದಲ್ಲೂ ಆ ನಕ್ಷತ್ರ ಮೂಡುತ್ತದೆ.

ಫಿಲ್ಟರ್ ಕೈಕೊಡುವ ಒಂದು ಗುರಿಯೂ ಇದೆ: ಸಿಫಿಯಸ್ ಪುಂಜದ ಎನ್‌ಜಿಸಿ 40. ನಮ್ಮಲ್ಲಿ ಅದು ಉತ್ತರದಲ್ಲಿ 30 ಡಿಗ್ರಿಯಷ್ಟೇ ಏರುತ್ತದೆ. ಅದರ ಅನಿಲದ ಅಯಾನೀಕರಣ ಕೆಳಮಟ್ಟದ್ದಾದ್ದರಿಂದ ಆಮ್ಲಜನಕದ ಹಸಿರು ರೇಖೆಗಳು ದುರ್ಬಲ, ಓ-ತ್ರೀ ಹಾಕಿದರೆ ಹೆಚ್ಚೇನೂ ದಕ್ಕುವುದಿಲ್ಲ; 11.6 ಕಾಂತಿಮಾನದ ನಡುತಾರೆ ಮಾತ್ರ ಸುಲಭವಾಗಿ ಕಾಣುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ರೂಪಿಸಿದ, 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದೊಂದಿಗೆ ಮೇಲೇರಿದ ನೇರಳಾತೀತ ದೂರದರ್ಶಕದಿಂದ ಅಲ್ಲಿನ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ಇದೇ ನೀಹಾರಿಕೆಯನ್ನು ನೋಡಿ, ದೂರದ ನೇರಳಾತೀತದಲ್ಲಿ ಮಾತ್ರ ಕಾಣುವ ಒಂದು ಪ್ರಭಾವಲಯವನ್ನು 2018ರಲ್ಲಿ ವರದಿ ಮಾಡಿದರು. ಅದನ್ನು ಅವರು ಹೈಡ್ರೋಜನ್ ಅಣುಗಳ ಹೊಳಪೆಂದು ವಿವರಿಸಿದ್ದಾರೆ.

ನಡುವೆ ಇರುವುದೆಲ್ಲ ನಡುತಾರೆಯಲ್ಲ

1790ರ ನವೆಂಬರ್ 13ರಂದು ಹರ್ಷೆಲ್ ವೃಷಭದಲ್ಲಿ ಮಂಜು ಕವಿದ ಒಂದು ನಕ್ಷತ್ರವನ್ನು ಕಂಡರು. ನೀಹಾರಿಕೆಗಳೆಲ್ಲ ದೂರದ ನಕ್ಷತ್ರಗಳ ಗುಂಪೇ ಇರಬೇಕೆಂದು ಅಲ್ಲಿಯವರೆಗೆ ಭಾವಿಸಿದ್ದ ಅವರು, ನಟ್ಟನಡುವೆ ಒಂದೇ ನಕ್ಷತ್ರ ಇಷ್ಟು ಹೊಳೆಯುತ್ತಿರುವಾಗ ಸುತ್ತಲಿನದು ನಕ್ಷತ್ರಗಳಾಗಿರಲು ಸಾಧ್ಯವಿಲ್ಲವೆಂದು ತೀರ್ಮಾನಿಸಿದರು. ಅದೇ ಎನ್‌ಜಿಸಿ 1514. ಜನವರಿಯಲ್ಲಿ ಪರ್ಸಿಯಸ್ ಪುಂಜದ ಝೀಟಾದಿಂದ ಪೂರ್ವ-ಆಗ್ನೇಯಕ್ಕೆ ಸುಮಾರು ಮೂರೂವರೆ ಡಿಗ್ರಿ ಸರಿದು ನೋಡಿ. 9.4 ಕಾಂತಿಮಾನದ ನಕ್ಷತ್ರ ತಕ್ಷಣ ಕಾಣುತ್ತದೆ, ಸುತ್ತಲಿನ ಮಂಜಿಗೆ ಫಿಲ್ಟರ್ ಬೇಕು. ಹರ್ಷೆಲರ ತೀರ್ಮಾನ ಸರಿ, ಆದರೆ ಅವರು ನೋಡಿದ ನಕ್ಷತ್ರ ಅನಿಲವನ್ನು ಬೆಳಗಿಸುವಷ್ಟು ಬಿಸಿಯಾದದ್ದಲ್ಲ. ಅದರೊಂದಿಗೆ ಸುಮಾರು 9 ವರ್ಷಕ್ಕೊಮ್ಮೆ ಸುತ್ತುವ ಬಿಸಿಯಾದ ಸಣ್ಣ ಸಂಗಾತಿಯೇ ನಿಜವಾದ ನಡುತಾರೆ.

ದಕ್ಷಿಣದ ವೇಲಾ ಪುಂಜದ ಎನ್‌ಜಿಸಿ 3132ರದೂ ಇದೇ ಕತೆ. ಏಪ್ರಿಲ್ ರಾತ್ರಿ ಒಂಬತ್ತಕ್ಕೆ ಬೆಂಗಳೂರಿನಿಂದ ದಕ್ಷಿಣ ದಿಗಂತದ ಮೇಲೆ 36 ಡಿಗ್ರಿ ಎತ್ತರದಲ್ಲಿ, ಬೀದರಿನಿಂದ 31ರಲ್ಲಿ ಇರುತ್ತದೆ. ದಕ್ಷಿಣಕ್ಕೆ ಪಟ್ಟಣದ ದೀಪಗಳಿಲ್ಲದ ಜಾಗ ಆರಿಸಿಕೊಳ್ಳಿ. ಅಂಡಾಕಾರದ ಉಂಗುರ, ನಡುವೆ ಹತ್ತನೇ ಕಾಂತಿಮಾನದ ಚೊಕ್ಕ ನಕ್ಷತ್ರ, ನಾಲ್ಕು ಇಂಚಿನ ದೂರದರ್ಶಕಕ್ಕೂ ಸುಲಭ. ಆದರೆ ಉಂಗುರವನ್ನು ಚೆಲ್ಲಿದ್ದು, ಇಂದಿಗೂ ಬೆಳಗಿಸುತ್ತಿರುವುದು ಅದಲ್ಲ. ಅದರಿಂದ ಎರಡು ಕೋನಸೆಕೆಂಡಿಗೂ (ಕೋನಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಕಡಿಮೆ ಅಂತರದಲ್ಲಿ, ಹದಿನಾರನೇ ಕಾಂತಿಮಾನದ ಹತ್ತಿರ, ಪಕ್ಕದ ಹೊಳಪಿನಲ್ಲಿ ಹೂತುಹೋಗಿರುವ ಶ್ವೇತ ಕುಬ್ಜ. 2022ರ ಜುಲೈ 12ರಂದು ಬಿಡುಗಡೆಯಾದ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳಲ್ಲಿ, ನಡು ಅವಕೆಂಪಿನ ಒಂದರಲ್ಲಿ, ಧೂಳು ಸುತ್ತಿಕೊಂಡ ಆ ಎರಡನೆಯ ನಕ್ಷತ್ರ ಪ್ರತ್ಯೇಕವಾಗಿ ಕಾಣುತ್ತದೆ. ನಮ್ಮ ಐಪೀಸಿಗೆ ಅದು ನಿಲುಕುವುದಿಲ್ಲ. ಹಾಗಾಗಿ ಈ ಎರಡು ನೀಹಾರಿಕೆಗಳನ್ನು ನೋಡಿದ ರಾತ್ರಿ ಟಿಪ್ಪಣಿಯಲ್ಲಿ ದೂರದರ್ಶಕದ ವ್ಯಾಸ, ವರ್ಧನೆ, ಫಿಲ್ಟರ್, ಗಾಳಿಯ ಸ್ಥಿತಿಗಳ ಜೊತೆಗೆ, ಕಂಡದ್ದು ಜೋಡಿಯ ಯಾವ ನಕ್ಷತ್ರವೆಂಬುದನ್ನೂ ಬರೆದಿಡಿ.